ಅಟ್ಟದ ಮೇಲಿನ ಆಟಿಕೆಗಳು

ಮಾಗಡಿ ತಾಲೂಕಿನ ಕಲ್ಯದ ನೆಂಟರ ಮನೆಯಲ್ಲಿ ದೊಡ್ಡಮ್ಮ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಮೊಮ್ಮಗನಿಗೆ ಹಲ್ಲು ಬರುತ್ತಿತ್ತು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ. ಪೆಟ್ಟಿಗೆಯಲ್ಲಿ ಚನ್ನಪಟ್ಟಣದ ಒಂದು ಮರದ ಗಿಲಕಿ, ಜಾತ್ರೆಯಲ್ಲಿ ಕೊಂಡ ಒಂದು ಹಳದಿ ಪ್ಲಾಸ್ಟಿಕ್ ಬಾತುಕೋಳಿ. "ಇವರಪ್ಪ ಇದರಲ್ಲೇ ಆಡಿ ಬೆಳೆದದ್ದು, ಏನಾಯ್ತು?" ಎಂದರು. ಮೂವತ್ತು ವರ್ಷದ ಬಾತುಕೋಳಿಯನ್ನು ಮುಟ್ಟಿದರೆ ಕೈಗೆ ಅಂಟುತ್ತಿತ್ತು.

ಗಿಲಕಿಯ ಕತೆ ಹಳೆಯದು. ಚನ್ನಪಟ್ಟಣದ ಆಟಿಕೆಯ ಮೂಲವನ್ನು ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕರೆಸಿದ ಕುಶಲಕರ್ಮಿಗಳಲ್ಲಿ ಗುರುತಿಸುವುದು ಜನರ ವಾಡಿಕೆ. ಜಪಾನಿನ ತಂತ್ರವನ್ನು ಇಲ್ಲಿಗೆ ತಂದು ಕಸುಬನ್ನು ಬೆಳೆಸಿದವರೆಂದು ಬಾವಾಸ್ ಮಿಯಾನ್ ಅವರ ಹೆಸರನ್ನು ಊರು ಇಂದಿಗೂ ನೆನೆಯುತ್ತದೆ. ಹಗುರವಾದ ಹಾಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಕೇದಗೆ ಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಅರಗು ಒಂದು ಕೀಟದ ಸ್ರಾವ. ಶುದ್ಧೀಕರಿಸಿದ ಅದೇ ಅರಗನ್ನು ಗುಳಿಗೆ, ಮಿಠಾಯಿಗಳ ಮೇಲೂ ಲೇಪಿಸುವುದುಂಟು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಅರಗಿನದ್ದಲ್ಲ, ಅದರೊಳಗಿನ ಬಣ್ಣದ್ದು. ಅರಿಶಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳ ಜೊತೆಗೆ ಪೇಟೆಯ ರಾಸಾಯನಿಕ ಬಣ್ಣಗಳೂ ಚನ್ನಪಟ್ಟಣದಲ್ಲಿ ಬಳಕೆಯಾಗಿವೆ. ನಮ್ಮೂರಿನದೆಂಬ ಅಭಿಮಾನಕ್ಕೆ ಇದನ್ನು ಮರೆಮಾಚುವುದು ಸರಿಯಲ್ಲ.

2001ರಲ್ಲಿ ಆಮದಿನ ಮೇಲಿದ್ದ ಪ್ರಮಾಣದ ಮಿತಿಗಳು ತೆರವಾದ ಮೇಲೆ ಚೀನಾದ ಅಗ್ಗದ ಪ್ಲಾಸ್ಟಿಕ್ ಸಾಮಾನು ಸಂತೆಗಳವರೆಗೂ ಬಂತು. ಚನ್ನಪಟ್ಟಣದ ಎಷ್ಟೋ ಲೇತುಗಳು ನಿಂತವು. 2005-06ರಲ್ಲಿ ಈ ಆಟಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಾನ್ಯತೆ ಸಿಕ್ಕಿದ್ದೇನೋ ಸರಿ, ಗಿರಾಕಿ ಮಾತ್ರ ಹತ್ತು ರೂಪಾಯಿಯ ಪ್ಲಾಸ್ಟಿಕ್ ಕಡೆಗೇ ಹೋದ.

ಅಗ್ಗವಾದದ್ದಕ್ಕೆ ಕಾರಣಗಳಿದ್ದವು. ಪಿವಿಸಿ ಪ್ಲಾಸ್ಟಿಕ್ ಬಿಸಿಗೆ ಕೆಡದಿರಲೆಂದು ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಹಳದಿಗೆ ಸೀಸದ ಕ್ರೋಮೇಟ್, ಕೆಂಪಿಗೆ ಕ್ಯಾಡ್ಮಿಯಂ. ಮೆತ್ತಗಾಗಲು ಥ್ಯಾಲೇಟ್ ಎಂಬ ಎಣ್ಣೆಯಂಥ ವಸ್ತು. ವರ್ಷ ಕಳೆದಂತೆ ಅದು ಮೇಲಕ್ಕೆ ಜಿನುಗುತ್ತದೆ, ಬಾತುಕೋಳಿಯ ಅಂಟು ಅದೇ ಇರಬೇಕು. ದೆಹಲಿ, ಮುಂಬೈ, ಚೆನ್ನೈಗಳಲ್ಲಿ ಕೊಂಡ ಮೆದು ಪ್ಲಾಸ್ಟಿಕ್ ಆಟಿಕೆಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವುದನ್ನು 2007ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿತು. ಅದೇ ವರ್ಷ ಅಮೆರಿಕದ ಮ್ಯಾಟೆಲ್ ಕಂಪನಿ ಸೀಸದ ಬಣ್ಣದ ಕಾರಣಕ್ಕೆ ಚೀನಾದಲ್ಲಿ ತಯಾರಾದ ತನ್ನ ಆಟಿಕೆಗಳನ್ನು ಹಿಂಪಡೆಯಿತು. 2018ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಆಂಡ್ರ್ಯೂ ಟರ್ನರ್ 200 ಹಳೆಯ ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿದಾಗ ಹಳದಿ, ಕೆಂಪು, ಕಪ್ಪು ಬಣ್ಣದವುಗಳಲ್ಲೇ ಹೆಚ್ಚಿನ ತೊಂದರೆ ಕಂಡಿತು.

"ಏನಾಯ್ತು?" ಎಂಬ ಮಾತಿಗೆ ಉತ್ತರ ಕಷ್ಟ, ಏಕೆಂದರೆ ಸೀಸದ ಹಾನಿ ಜ್ವರದಂತೆ ಕಾಣಿಸಿಕೊಳ್ಳುವುದಿಲ್ಲ. ಕಲಿಕೆ ಮಂದವಾಗುತ್ತದೆ, ಗಮನ ನಿಲ್ಲುವುದಿಲ್ಲ. ನಾವು 'ದಡ್ಡ' ಎಂದು ಬೈದು ಸುಮ್ಮನಾಗುತ್ತೇವೆ. ಹೊಟ್ಟೆಗೆ ಹೋದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಹನ್ನೆರಡರೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಯಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಅಂದು ಪೆಟ್ರೋಲಿನಲ್ಲೂ ಸೀಸವಿತ್ತು, ಎಲ್ಲವನ್ನೂ ಆಟಿಕೆಯ ತಲೆಗೆ ಕಟ್ಟಲಾಗದು. ಆದರೆ ಪೆಟ್ರೋಲಿನ ಸೀಸ 2000ದಲ್ಲಿ ಹೋಯಿತು, ಅಟ್ಟದ ಪೆಟ್ಟಿಗೆ ಉಳಿದಿದೆ.

2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಭೌಗೋಳಿಕ ಸೂಚಕದಡಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಸಣ್ಣ ಕಸುಬುದಾರ ಬದುಕಲು ಅದು ಬೇಕು. ಹಾಗಾಗಿ ಯಾವ ಬಣ್ಣ ಬಳಸಿದ್ದೀರಿ ಎಂದು ಕೇಳಿ ಕೊಳ್ಳುವ ಹೊಣೆ ನಮ್ಮ ಮೇಲಿದೆ. ಮನೆಯಲ್ಲೇ ಇರುವ ಹಳೆಯದಕ್ಕೆ ಈ ಕಾನೂನು ತಾಗುವುದೇ ಇಲ್ಲ.

ಇಷ್ಟನ್ನೆಲ್ಲ ಕೇಳಿ ದೊಡ್ಡಮ್ಮ ಬಾತುಕೋಳಿಯನ್ನು ಹಂಡೆ ಒಲೆಗೆ ಹಾಕಹೊರಟರು. ಅದು ಇನ್ನೂ ಕೆಟ್ಟದ್ದು, ಪಿವಿಸಿ ಸುಟ್ಟರೆ ವಿಷದ ಹೊಗೆ ಎಂದು ತಡೆದೆ. ಸಂಗ್ರಹಕ್ಕೆ ಬರುವ ಕಸದ ಗಾಡಿಗೆ ಕೊಡಲು ಕಟ್ಟಿಟ್ಟರು.

"ಹಾಗಾದರೆ ಗಿಲಕಿ?"

ಅದರ ಬಣ್ಣ ಒಂದೆರಡು ಕಡೆ ಚಕ್ಕೆ ಎದ್ದಿತ್ತು. ನಾನು ಸುಮ್ಮನಿದ್ದೆ. ಅವರು ಅದನ್ನು ಷೋಕೇಸಿನಲ್ಲಿಟ್ಟು, ಮಗುವಿನ ಕೈಗೆ ಒಂದು ಸ್ಟೀಲ್ ಲೋಟ ಕೊಟ್ಟರು.