ಅಕ್ವಾಪೋರಿನ್ ಪೊರೆಗಳು: ವೇಗದ ಲೆಕ್ಕ, ಉಪ್ಪಿನ ಲೆಕ್ಕ

ಜೀವಕೋಶದಲ್ಲಿ ನೀರಿಗಷ್ಟೇ ದಾರಿ ಬಿಡುವ ಪ್ರೋಟೀನು ಅಕ್ವಾಪೋರಿನ್. ಅದನ್ನು ಸೋಸುವ ಪೊರೆಯಲ್ಲಿ ಕೂರಿಸಿದರೆ ಉಪ್ಪುನೀರನ್ನು ಅಗ್ಗದಲ್ಲಿ ಸಿಹಿಯಾಗಿಸಬಹುದು ಎಂಬ ಮಾತು ಒಂದೂವರೆ ದಶಕಕ್ಕೂ ಮೀರಿ ಕೇಳಿಬರುತ್ತಿದೆ. ಈ ಮಾತಿನ ಬೆನ್ನಿಗೆ ಸಾಮಾನ್ಯವಾಗಿ ಒಂದೇ ಸಂಖ್ಯೆ ನಿಂತಿರುತ್ತದೆ: ಒಂದು ಅಕ್ವಾಪೋರಿನ್ ನಾಳದಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಗುತ್ತವೆ. ಸಂಖ್ಯೆಯ ಬಗ್ಗೆ ತಕರಾರಿಲ್ಲ. ಅದರಿಂದ ಎಳೆಯುವ ತೀರ್ಮಾನ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಈ ಪ್ರೋಟೀನು ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಪೀಟರ್ ಆಗ್ರೆ ಕೆಂಪು ರಕ್ತಕಣಗಳ ಆರ್‌ಎಚ್ ಅಂಶವನ್ನು ಬೇರ್ಪಡಿಸುತ್ತಿದ್ದರು. ಅದರ ಜೊತೆಗೆ 28 ಕಿಲೋಡಾಲ್ಟನ್ ತೂಕದ ಇನ್ನೊಂದು ಪ್ರೋಟೀನು ಮತ್ತೆ ಮತ್ತೆ ಕಾಣಿಸಿಕೊಂಡಿತು. 1988ರಲ್ಲಿ ಅವರ ತಂಡ ಅದನ್ನು ವರದಿ ಮಾಡಿತಾದರೂ ಅದರ ಕೆಲಸವೇನೆಂದು ತಿಳಿದಿರಲಿಲ್ಲ. ಶರೀರ ವಿಜ್ಞಾನಿಗಳು ದಶಕಗಳಿಂದ ಹುಡುಕುತ್ತಿರುವ ನೀರಿನ ನಾಳ ಇದೇ ಇರಬಹುದೆಂದು ಸೂಚಿಸಿದವರು ಉತ್ತರ ಕೆರೊಲಿನಾದ ಜಾನ್ ಪಾರ್ಕರ್. ಪರೀಕ್ಷೆಗೆ ಆಗ್ರೆಯವರ ತಂಡ ಕಪ್ಪೆಯ ಮೊಟ್ಟೆಗಳನ್ನು ಆರಿಸಿಕೊಂಡಿತು. ಅವು ಸಿಹಿನೀರಿನಲ್ಲಿದ್ದೂ ಉಬ್ಬುವುದಿಲ್ಲ, ಏಕೆಂದರೆ ಅವುಗಳ ಪೊರೆ ನೀರನ್ನು ಬಹಳ ಕಡಿಮೆ ಬಿಟ್ಟುಕೊಳ್ಳುತ್ತದೆ. ಹೊಸ ಪ್ರೋಟೀನನ್ನು ತಯಾರಿಸುವಂತೆ ಮಾಡಿದ ಮೊಟ್ಟೆಗಳು ತೆಳು ದ್ರಾವಣಕ್ಕೆ ಬಿದ್ದೊಡನೆ ಉಬ್ಬಿ ಒಡೆದವು. 1992ರ ಈ ಪ್ರಯೋಗದ ನಂತರ ಅನುಮಾನಕ್ಕೆ ಎಡೆ ಉಳಿಯಲಿಲ್ಲ. 2003ರ ರಸಾಯನಶಾಸ್ತ್ರ ನೊಬೆಲ್ ಆಗ್ರೆ ಮತ್ತು ಅಯಾನು ನಾಳಗಳನ್ನು ಅಧ್ಯಯನ ಮಾಡಿದ ರಾಡರಿಕ್ ಮ್ಯಾಕಿನನ್ ಇಬ್ಬರಿಗೂ ಹಂಚಿಕೆಯಾಯಿತು. ರುಮೇನಿಯಾದ ಗಿಯೋರ್ಗೆ ಬೆಂಗಾ 1986ರಲ್ಲೇ ಕೆಂಪು ರಕ್ತಕಣದ ಪೊರೆಯಲ್ಲಿ ಇಂಥದೊಂದು ಪ್ರೋಟೀನಿನ ಸುಳಿವು ಕೊಟ್ಟಿದ್ದರೆಂಬುದನ್ನೂ ಈ ಚರಿತ್ರೆಯಲ್ಲಿ ಸೇರಿಸಬೇಕು. ಹಲವು ಬರಹಗಳು ಅದನ್ನು ಬಿಟ್ಟುಬಿಡುತ್ತವೆ.

ನಾಳದ ಅತಿ ಕಿರಿದಾದ ಜಾಗದ ಅಗಲ ಸುಮಾರು 0.28 ನ್ಯಾನೋಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ನೀರಿನ ಅಣುವಿನಷ್ಟು. ಸೋಡಿಯಂ ಅಯಾನು ಬರಿಮೈಯಲ್ಲಿ ಇದಕ್ಕಿಂತ ಚಿಕ್ಕದೇ. ಆದರೆ ತನ್ನ ಸುತ್ತ ಕಟ್ಟಿಕೊಂಡ ನೀರಿನ ಕವಚವನ್ನು ಕಳಚದೆ ಅದು ಒಳಗೆ ನುಗ್ಗಲಾರದು. ಕಳಚಲು ಬೇಕಾದ ಶಕ್ತಿಗೆ ನಾಳ ಪ್ರತಿಫಲ ಕೊಡುವುದಿಲ್ಲ. ಅಲ್ಲಿರುವ ಆರ್ಜಿನೀನ್‌ನ ಧನ ವಿದ್ಯುದಂಶವೂ ಅದನ್ನು ಹಿಂದಕ್ಕೆ ದೂಡುತ್ತದೆ. ಪ್ರೋಟಾನನ್ನು ತಡೆಯುವುದು ಇನ್ನೂ ಕಷ್ಟದ ಕೆಲಸ. ಸಾಲಾಗಿ ನಿಂತ ನೀರಿನ ಅಣುಗಳು ಪ್ರೋಟಾನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಬಲ್ಲವು. ಇಲ್ಲಿಯೂ ನಾಳದೊಳಗಿನ ವಿದ್ಯುತ್ ಕ್ಷೇತ್ರ ಅಡ್ಡಬರುತ್ತದೆ, ನಡುಭಾಗದಲ್ಲಿ ಅಣುಗಳ ದಿಕ್ಕೂ ತಿರುಗುತ್ತದೆ. ನನ್ನ ಮಟ್ಟಿಗೆ ಅಕ್ವಾಪೋರಿನ್‌ನ ನಿಜವಾದ ಹಿರಿಮೆ ಈ ಆಯ್ಕೆಯಲ್ಲಿದೆ. ವೇಗ ಎರಡನೆಯ ಮಾತು.

300 ಕೋಟಿಯ ಲೆಕ್ಕದಲ್ಲಿ ಮರೆಯಾಗುವ ಸಂಗತಿಯೊಂದಿದೆ. ಅಕ್ವಾಪೋರಿನ್ ಪಂಪ್ ಅಲ್ಲ. ಎರಡೂ ಕಡೆ ಒಂದೇ ಸಾಂದ್ರತೆ, ಒಂದೇ ಒತ್ತಡ ಇದ್ದರೆ ಹೋದಷ್ಟೇ ಅಣುಗಳು ಹಿಂತಿರುಗುತ್ತವೆ, ನಿವ್ವಳ ಹರಿವು ಸೊನ್ನೆ. ದೂಡುವ ಬಲ ಹೊರಗಿನಿಂದಲೇ ಬರಬೇಕು.

ಸೋಸುವ ಪೊರೆಯ ಕಡೆಗೆ ಮೊದಲ ದೊಡ್ಡ ಹೆಜ್ಜೆ 2007ರದು. ಇಲಿನಾಯ್ ವಿಶ್ವವಿದ್ಯಾಲಯದ ಮನೀಶ್ ಕುಮಾರ್ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನ ಬಾಸೆಲ್‌ನವರೊಂದಿಗೆ ಸೇರಿ ಇ. ಕೋಲಿ ಬ್ಯಾಕ್ಟೀರಿಯಾದ ಅಕ್ವಾಪೋರಿನ್-ಝಡ್ ಅನ್ನು ಕೃತಕ ಪಾಲಿಮರ್ ಗುಳ್ಳೆಗಳಲ್ಲಿ ಸೇರಿಸಿದರು. ಬರೀ ಪಾಲಿಮರಿಗಿಂತ ಸುಮಾರು 800 ಪಟ್ಟು ಹೆಚ್ಚು ನೀರು ದಾಟಿತು. ಈ 800 ಬಹಳ ಪ್ರಚಾರ ಪಡೆಯಿತು. ಆದರೆ ಹೋಲಿಸಿದ್ದು ನೀರನ್ನು ಅಷ್ಟಾಗಿ ಬಿಡದ ಪಾಲಿಮರ್ ಗೋಡೆಗೆ, ಮಾರುಕಟ್ಟೆಯ ಆರ್‌ಒ ಪೊರೆಗಲ್ಲ. ಅಳೆದದ್ದೂ ದ್ರಾವಣದಲ್ಲಿ ತೇಲುವ ಗುಳ್ಳೆಗಳು ಕುಗ್ಗುವ ವೇಗವನ್ನು. ಒತ್ತಡ ತಡೆದುಕೊಳ್ಳುವ ಹಾಳೆ ಇನ್ನೂ ಇರಲಿಲ್ಲ.

ಹಾಳೆಯ ಸಮಸ್ಯೆಗೆ 2012ರಲ್ಲಿ ಸಿಂಗಪುರದ ತಂಡವೊಂದು ಜಾಣ ದಾರಿ ತೋರಿಸಿತು. ಅಕ್ವಾಪೋರಿನ್ ತುಂಬಿದ ಲಿಪಿಡ್ ಗುಳ್ಳೆಗಳನ್ನು ಸಾಮಾನ್ಯ ಆರ್‌ಒ ಪೊರೆಯ ಪಾಲಿಅಮೈಡ್ ಪದರದೊಳಗೇ ಹುದುಗಿಸಿದರು. 5 ಬಾರ್ ಒತ್ತಡದಲ್ಲಿ ಇದು, ಸವಳು ನೀರಿಗೆ ಬಳಸುವ ಒಂದು ಪ್ರಸಿದ್ಧ ವಾಣಿಜ್ಯ ಪೊರೆಗಿಂತ ಸುಮಾರು ಶೇ. 40ರಷ್ಟು ಹೆಚ್ಚು ನೀರು ಬಿಟ್ಟಿತು, ಉಪ್ಪನ್ನು ಸುಮಾರು ಶೇ. 97ರಷ್ಟು ತಡೆಯಿತು. 800 ಪಟ್ಟು ಎಲ್ಲಿ, ಶೇ. 40 ಎಲ್ಲಿ! ಈ ಇಳಿಕೆ ಸೋಲಲ್ಲ, ನಾಳದ ಗುಣವನ್ನು ಹಾಳೆಯ ಗುಣವಾಗಿ ಎಣಿಸಿದ್ದರ ಸಹಜ ಫಲ. ನೀರು ನಾಳಕ್ಕೆ ಮುಟ್ಟುವ ಮೊದಲೂ ದಾಟಿದ ಮೇಲೂ ಪಾಲಿಅಮೈಡನ್ನು ಹಾಯಬೇಕು, ಕೆಳಗಿನ ಆಧಾರ ಪದರವನ್ನೂ ಹಾಯಬೇಕು.

ಶೇ. 97 ಎಂಬುದನ್ನೂ ತುಸು ಬಿಡಿಸಿ ನೋಡೋಣ. ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದೆ. ಅದೇ ಅನುಪಾತ ಅಲ್ಲಿಗೂ ಅನ್ವಯಿಸುತ್ತದೆಂದುಕೊಂಡರೆ ಸೋಸಿದ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಮೀರಿ ಉಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಅಪೇಕ್ಷಿತ ಮಿತಿ 500 ಮಿಲಿಗ್ರಾಂ. ಪ್ರೋಟೀನು ಉಪ್ಪನ್ನು ಬಿಡದಿದ್ದರೂ ಅದರ ಸುತ್ತಣ ಸಂದುಗಳು ಬಿಡುತ್ತವೆ. ಬಾಯಿ ಎಷ್ಟೇ ಗಟ್ಟಿಯಾಗಿದ್ದರೂ ತಳ ಸೋರುವ ಕೊಡ ತುಂಬುವುದಿಲ್ಲ.

ಇನ್ನು ಶಕ್ತಿಯ ಖರ್ಚು. ಕಡಲನೀರಿನ ಅಭಿಸರಣ ಒತ್ತಡ ಸುಮಾರು 27 ಬಾರ್. ಅರ್ಧ ನೀರನ್ನು ತೆಗೆದಾಗ ಉಳಿದ ಉಪ್ಪುನೀರಿನ ಒತ್ತಡ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಪೊರೆ ಎಂಥದ್ದೇ ಇರಲಿ, ಒಂದೇ ಹಂತದ ಘಟಕದಲ್ಲಿ ಪಂಪ್ ಇದನ್ನು ಮೀರಲೇಬೇಕು. ಮೆನಾಚೆಮ್ ಎಲಿಮೆಲೆಕ್ ಮತ್ತು ವಿಲಿಯಂ ಫಿಲಿಪ್ 2011ರಲ್ಲಿ ತೋರಿಸಿದಂತೆ, ಅರ್ಧ ನೀರು ತೆಗೆಯಲು ಪ್ರಕೃತಿ ನಿಯಮ ಬೇಡುವ ಕನಿಷ್ಠ ಶಕ್ತಿ ಘನ ಮೀಟರಿಗೆ 1.06 ಯೂನಿಟ್. ಉತ್ತಮ ಆರ್‌ಒ ಪ್ರಯೋಗ ಘಟಕ ಆಗಲೇ 1.8ಕ್ಕೆ ಇಳಿದಿತ್ತು. ಉಳಿಸಲು ಹೆಚ್ಚೇನೂ ಇಲ್ಲ. 2014ರಲ್ಲಿ ಎಂಐಟಿಯ ಲೆಕ್ಕಾಚಾರವೂ ಇದನ್ನೇ ಹೇಳಿತು: ಪೊರೆ ಮೂರು ಪಟ್ಟು ಹೆಚ್ಚು ನೀರು ಬಿಟ್ಟರೆ ಕಡಲನೀರಿನಲ್ಲಿ ಶೇ. 15, ಸವಳು ನೀರಿನಲ್ಲಾದರೆ ಶೇ. 46 ಶಕ್ತಿ ಉಳಿತಾಯ.

ಈ ಎರಡನೆಯ ಸಂಖ್ಯೆ ನಮಗೆ ಹತ್ತಿರದ್ದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕೊಳವೆಬಾವಿಗಳ ನೀರು ಕಡಲನೀರಲ್ಲ. ಅಲ್ಲಿಯ ಶುದ್ಧ ಕುಡಿಯುವ ನೀರಿನ ಘಟಕಗಳ ಆರ್‌ಒ ಕಡಿಮೆ ಒತ್ತಡದಲ್ಲೇ ನಡೆಯುತ್ತದೆ, ಪೊರೆಯ ವೇಗಕ್ಕೆ ಬೆಲೆ ಬರುವುದು ಅಂಥ ಕಡೆ. ಆದರೆ ಆ ಘಟಕಗಳು ಹೊರಚೆಲ್ಲುವ ನೀರನ್ನು ಅಕ್ವಾಪೋರಿನ್ ತನ್ನಷ್ಟಕ್ಕೆ ಕಡಿಮೆ ಮಾಡುವುದಿಲ್ಲ.

ಪ್ರೋಟೀನಿಗೆ ಇನ್ನೊಂದು ದಾರಿಯೂ ಇದೆ, ಮತ್ತು ಅದು ಪೂರ್ತಿ ತದ್ವಿರುದ್ಧ. ಜ್ಯೂರಿಕ್‌ನ ಇಟಿಎಚ್‌ನಲ್ಲಿ ಶ್ರೀನಾಥ್ ಬೊಲಿಸೆಟ್ಟಿ ಮತ್ತು ರಫೇಲೆ ಮೆಜೆಂಗಾ 2016ರಲ್ಲಿ ಹಾಲೊಡಕಿನ ಬೀಟಾ-ಲ್ಯಾಕ್ಟೋಗ್ಲಾಬ್ಯುಲಿನ್‌ನಿಂದ ಪಡೆದ ನಾರುಗಳನ್ನು ಸಕ್ರಿಯ ಇದ್ದಿಲಿನೊಂದಿಗೆ ಸೇರಿಸಿ ಪೊರೆ ಮಾಡಿದರು. ನಾರು ಬರುವುದು ಪ್ರೋಟೀನನ್ನು ಆಮ್ಲದಲ್ಲಿ ಕಾಯಿಸಿ ಅದರ ಮಡಿಕೆಯನ್ನು ಕೆಡಿಸಿದಾಗ. ಅಕ್ವಾಪೋರಿನ್‌ಗೆ ಆಕಾರವೇ ಜೀವಾಳ, ಇಲ್ಲಿ ಆಕಾರ ಕೆಟ್ಟರೇ ಕೆಲಸ. ಒಂದು ಸಲ ಹಾಯಿಸಿದರೆ ಭಾರಲೋಹದ ಅಯಾನುಗಳು ಸಾವಿರದಿಂದ ಲಕ್ಷ ಪಟ್ಟು ಇಳಿದವು. ಲೋಹ ಹಿಡಿಯುವುದರಲ್ಲಿ ಸಿಸ್ಟೀನ್‌ನ ಗಂಧಕಕ್ಕೆ ಮುಖ್ಯ ಪಾತ್ರ. ಕುತೂಹಲದ ಸಂಗತಿಯೆಂದರೆ ಮನುಷ್ಯರ ಕೆಂಪು ರಕ್ತಕಣದ ಅಕ್ವಾಪೋರಿನ್‌ನಲ್ಲೂ ಪಾದರಸ ಇಂಥದೇ ಸಿಸ್ಟೀನನ್ನು ಹಿಡಿದು ನಾಳವನ್ನು ಮುಚ್ಚುತ್ತದೆ. ಒಂದು ಕಡೆ ದೋಷ, ಇನ್ನೊಂದು ಕಡೆ ಗುಣ. 2019ರಲ್ಲಿ ಇದೇ ನಾರುಗಳ ಮೇಲೆ ಜಿರ್ಕೋನಿಯಂ ಆಕ್ಸೈಡ್ ಬೆಳೆಸಿ ಫ್ಲೋರೈಡನ್ನು ಆಯ್ದು ತೆಗೆಯುವ ಪೊರೆಯನ್ನೂ ವರದಿ ಮಾಡಿದ್ದಾರೆ. ಇವು ಹೀರಿಕೊಳ್ಳುವ ಪೊರೆಗಳು, ತುಂಬಿದ ಮೇಲೆ ತೊಳೆಯಬೇಕು ಇಲ್ಲವೇ ಬದಲಿಸಬೇಕು. ಉಪ್ಪನ್ನೂ ತೆಗೆಯುವುದಿಲ್ಲ. ಆದರೆ ಫ್ಲೋರೈಡೊಂದೇ ತೊಡಕಾಗಿರುವ ಊರಿಗೆ ಎಲ್ಲ ಲವಣವನ್ನೂ ತೆಗೆದು ನೀರು ಚೆಲ್ಲುವುದಕ್ಕಿಂತ ಇದು ವಿವೇಕದ ದಾರಿಯೆಂದು ನನ್ನ ಅಭಿಪ್ರಾಯ.

ಅಕ್ವಾಪೋರಿನ್ ಪೊರೆಯ ಹೊಸ ವರದಿಯನ್ನು ಓದುವವರಲ್ಲಿ ಒಂದು ವಿನಂತಿ. ನೀರಿನ ಹರಿವಿನ ಅಂಕಿಯನ್ನು ಕೊನೆಗೆ ನೋಡಿ. ಕೆಲಸ ಮಾಡದಂತೆ ಬದಲಿಸಿದ ಅದೇ ಪ್ರೋಟೀನಿನೊಂದಿಗೆ ಹೋಲಿಕೆ ಇದೆಯೇ ಎಂದು ಮೊದಲು ನೋಡಿ. ಅದಿಲ್ಲದಿದ್ದರೆ ಹೆಚ್ಚಿದ ಹರಿವು ನಾಳದ್ದೋ ಪಾಲಿಅಮೈಡಿನಲ್ಲಿ ಬಿದ್ದ ಬಿರುಕಿನದೋ ಹೇಳಲಾಗದು.