ಆಶ್ರಯದ ಋಣ ಮತ್ತು ಕವಿಯ ಮಾತು

ರಾಜಾಶ್ರಯದಲ್ಲಿದ್ದ ವಿದ್ವಾಂಸನು ಒಡೆಯನಿಗೆ ಹಿತವಾಗದ ಮಾತನ್ನು ಎಲ್ಲಿ ಇರಿಸುತ್ತಾನೆ? ಈ ಪ್ರಶ್ನೆಗೆ ಹದಿನೆಂಟನೆಯ ಶತಮಾನದ ಫ್ರಾನ್ಸ್ ಒಂದು ಉತ್ತರ ಕೊಟ್ಟಿದೆ. ಅದಕ್ಕೂ ಎಂಟು ಶತಮಾನಗಳ ಹಿಂದೆಯೇ ಕನ್ನಡವು ಬೇರೊಂದು ಉತ್ತರ ಕೊಟ್ಟಿತ್ತು.

ಫ್ರೆಂಚ್ ವಿಶ್ವಕೋಶದ ಸಂಪಾದಕ, ತತ್ತ್ವಜ್ಞಾನಿ ಡಿಡೆರೊ ಹಣದ ಅಡಚಣೆಯಿಂದ ತನ್ನ ಗ್ರಂಥಭಂಡಾರವನ್ನು ಮಾರಹೊರಟಾಗ, 1765ರಲ್ಲಿ ರಷ್ಯದ ರಾಣಿ ಎರಡನೆಯ ಕ್ಯಾಥರೀನ್ ಅದನ್ನು 15,000 ಲಿವ್ರ್‌ಗಳಿಗೆ ಕೊಂಡಳು. ಪುಸ್ತಕಗಳನ್ನು ಆತನಲ್ಲಿಯೇ ಬಿಟ್ಟು, ಆತನನ್ನೇ ಅವುಗಳ ಪಾಲಕನನ್ನಾಗಿ ನೇಮಿಸಿ, ವೇತನವನ್ನೂ ಗೊತ್ತುಮಾಡಿದಳು. 1773ರಲ್ಲಿ ಆತನು ಪೀಟರ್ಸ್‌ಬರ್ಗಿಗೆ ಹೋಗಿ ರಾಣಿಯೊಡನೆ ಹಲವು ದಿನ ಸಂಭಾಷಿಸಿದನು. ಮರಳಿದ ಮೇಲೆ, ಅವಳು ರಚಿಸಿದ್ದ ಶಾಸನಸೂತ್ರಗಳನ್ನು ಕುರಿತು ನಿಷ್ಠುರವಾದ ಟಿಪ್ಪಣಿಗಳನ್ನು ಬರೆದನು. ರಾಜ್ಯದ ನಿಜವಾದ ಒಡೆಯರು ಪ್ರಜೆಗಳೇ ಎಂಬುದು ಅವುಗಳ ತಿರುಳು. ಆತ ಅವನ್ನು ಪ್ರಕಟಿಸಲಿಲ್ಲ. 1784ರಲ್ಲಿ ತೀರಿಕೊಂಡ ಬಳಿಕ ಆತನ ಹಸ್ತಪ್ರತಿಗಳು ಪುಸ್ತಕಗಳೊಡನೆ ರಷ್ಯಕ್ಕೆ ಹೋದವು. ಆಗಷ್ಟೇ ಅದನ್ನು ಓದಿದ ರಾಣಿ ಕೆರಳಿದಳು. ಋಣದಲ್ಲಿದ್ದವನ ಸತ್ಯ ಪೆಟ್ಟಿಗೆಯಲ್ಲಿ ಉಳಿದಿತ್ತು.

ಇನ್ನು ಪಂಪನ ಕಡೆಗೆ ನೋಡೋಣ. ಕ್ರಿ.ಶ. 941ರಲ್ಲಿ 'ಆದಿಪುರಾಣ'ವನ್ನು ರಚಿಸಿದ ಈ ಜೈನಕವಿ ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಆಸ್ಥಾನದಲ್ಲಿದ್ದವನು. 'ವಿಕ್ರಮಾರ್ಜುನ ವಿಜಯ'ದಲ್ಲಿ ಆಶ್ರಯದಾತನನ್ನು ಕಥಾನಾಯಕ ಅರ್ಜುನನೊಂದಿಗೆ ಅಭೇದಗೊಳಿಸಿದ್ದಾನೆ. ಈ ಕೃತಿಗಾಗಿ ಆತನಿಗೆ ಧರ್ಮಪುರವೆಂಬ ಅಗ್ರಹಾರ ದೊರೆತುದನ್ನು ತಮ್ಮ ಜಿನವಲ್ಲಭನು ಹಾಕಿಸಿದ ಕುರಿಕ್ಯಾಲ ಶಾಸನವೂ ಹೇಳುತ್ತದೆ. ಋಣವು ಇಲ್ಲಿಯೂ ದೊಡ್ಡದೇ.

ಆದರೆ ಕರ್ಣನು ಮಡಿದಾಗ, ಭಾರತದಲ್ಲಿ ಒಬ್ಬನನ್ನು ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕೆಂದು ಕವಿ ಸ್ವತಃ ನುಡಿಯುತ್ತಾನೆ. ಆ ಕರ್ಣನನ್ನು ಕೊಂದವನು ಅರ್ಜುನ, ಅಂದರೆ ಕಾವ್ಯದ ಲೆಕ್ಕದಲ್ಲಿ ಅರಿಕೇಸರಿ! ಇದನ್ನು ದೊರೆಯ ನಿಂದೆಯೆಂದು ಓದುವುದು ಸಲ್ಲದು. ಕೃಷ್ಣನು ರಾಜ್ಯವನ್ನೇ ನೀಡಬಂದರೂ ದುರ್ಯೋಧನನ ಋಣವನ್ನು ತೊರೆಯದ ಕರ್ಣನಲ್ಲಿ, ಸ್ವತಃ ಒಡೆಯನ ಅನ್ನವುಂಡ ಕವಿಯು ತನ್ನ ನೆಲೆಯನ್ನೇ ಕಂಡಿರಬೇಕು. ಋಣವನ್ನು ತೀರಿಸುವುದು ಬೇರೆ, ಮೌಲ್ಯವನ್ನು ಒಪ್ಪಿಸಿಬಿಡುವುದು ಬೇರೆ ಎಂಬ ವಿವೇಕ ಅಲ್ಲಿದೆ.

ಡಿಡೆರೊನ ಮಾತು ರಾಣಿಗೆ ತಲುಪಿದ್ದು ಆತನ ಮರಣಾನಂತರ. ಪಂಪನ ಮಾತು ಮೆಚ್ಚುಗೆ ಪಡೆದ ಕಾವ್ಯದೊಳಗೇ, ಒಡೆಯನ ಬದುಕಿನಲ್ಲಿಯೇ ಇತ್ತು. ಆಸ್ಥಾನಕಾವ್ಯವೆಂದರೆ ಬರಿಯ ಸ್ತುತಿಯೆಂದು ಬದಿಗಿಡುವ ಮುನ್ನ ಸಂಶೋಧಕರು ಈ ಒಂದು ಪದ್ಯದ ಮುಂದೆ ನಿಲ್ಲಬೇಕು.