ಬೂದಿದಿಬ್ಬದ ಮುಂದೆ ನಡೆಯುವ ತರಗತಿ

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹಂಪಿ ಹೊಸ ಜಿಲ್ಲೆಯ ಪಾಲಾಯಿತು. ಹಾಗಾದರೆ ಬಳ್ಳಾರಿಗೆ ಉಳಿದ ಚರಿತ್ರೆ ಯಾವುದು ಎಂದು ಕೇಳುವವರಿಗೆ ಉತ್ತರವಿದೆ. ವಿಜಯನಗರ ಹುಟ್ಟುವುದಕ್ಕೆ ಮೂರು ಸಾವಿರ ವರ್ಷ ಮೊದಲೇ ಜನ ಮನೆ ಕಟ್ಟಿ, ದನ ಸಾಕಿ ಬಾಳಿದ ನೆಲೆಗಳು ಈ ಸೀಮೆಯ ಗುಡ್ಡಗಳ ಮೇಲಿವೆ. ಅವುಗಳ ಕಥೆಯನ್ನು ಬಹುಮಟ್ಟಿಗೆ ಬಿಡಿಸಿ ಹೇಳಿದವರು ವಿದ್ಯಾಸಂಸ್ಥೆಗಳ ಇತಿಹಾಸ, ಪುರಾತತ್ವ ವಿಭಾಗಗಳ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು.

ಇತಿಹಾಸ ವಿಭಾಗವೆಂದರೆ ಅರಸರ ಹೆಸರು, ಇಸವಿಗಳನ್ನು ಉರುಹೊಡೆಸುವ ಜಾಗ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದರ ಅರ್ಧ ಕೆಲಸ ನಡೆಯುವುದು ತರಗತಿಯ ಹೊರಗೆ. ಊರೂರು ಸುತ್ತಿ ನೆಲೆಗಳನ್ನು ಗುರುತಿಸುವುದು, ಚೌಕಾಕಾರದ ಗುಂಡಿ ತೆಗೆದು ಪದರ ಪದರವಾಗಿ ಮಣ್ಣು ಬಿಡಿಸುವುದು, ಅದನ್ನು ಜರಡಿ ಹಿಡಿಯುವುದು, ಮಡಕೆ ಚೂರುಗಳನ್ನು ತೊಳೆದು ಅಂಕಿ ಬರೆಯುವುದು ಎಲ್ಲವೂ ಪಾಠವೇ.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನೇ ನೋಡಿ. ಕುಡತಿನಿಯಂಥ ಕಡೆ ಇರುವ ಈ ದಿಬ್ಬಗಳನ್ನು ಜನ ರಾಕ್ಷಸರನ್ನು ಸುಟ್ಟ ಬೂದಿ ಎಂದು ನಂಬಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲೇ ಇವು ನವಶಿಲಾಯುಗದವು ಎಂದು ಗುರುತಿಸಿದ. ಅದು ಸಗಣಿ ಸುಟ್ಟ ಬೂದಿಯೇ ಎಂಬುದನ್ನು 20ನೆಯ ಶತಮಾನದ ಮಧ್ಯದಲ್ಲಿ ಪ್ರಯೋಗಾಲಯದ ಪರೀಕ್ಷೆ ಖಚಿತಪಡಿಸಿತು. ರಾಕ್ಷಸರ ಜಾಗದಲ್ಲಿ ದನಗಾಹಿಗಳು ಬಂದು ನಿಂತರು.

ಪುಣೆಯ ಡೆಕ್ಕನ್ ಕಾಲೇಜಿನ ವಿದ್ಯಾರ್ಥಿ ಬಿ. ಸುಬ್ಬರಾವ್ ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. ಅವರ ಪ್ರಬಂಧ 1948ರಲ್ಲಿ ಪುಸ್ತಕವಾಯಿತು. ಅದೇ ಸಂಸ್ಥೆಯ ಪರವಾಗಿ ಎಂ.ಎಸ್. ನಾಗರಾಜ ರಾವ್ 1963-64ರಲ್ಲಿ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಅಗೆದರು. ಅಲ್ಲಿ ದುಂಡು ಗುಡಿಸಲುಗಳ ನೆಲಗಟ್ಟು, ಕಲ್ಲಿನ ಕೊಡಲಿ, ಸತ್ತವರನ್ನು ಹೂಳಿದ ಮಡಕೆಗಳು ಕಂಡವು. ಮುಂದೆ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾದರು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ವಿದೇಶಿ ವಿದ್ವಾಂಸರೊಡನೆ ಸಂಗನಕಲ್ಲಿನ ಕೆಲಸವನ್ನು ಮುಂದುವರಿಸಿದರು. ಮಣ್ಣನ್ನು ನೀರಿಗೆ ಹಾಕಿದಾಗ ತೇಲಿಬಂದ ಸುಟ್ಟ ಕಾಳುಗಳಿಂದ ಆ ಜನರ ಊಟ ತಿಳಿಯಿತು: ಹುರುಳಿ, ಹೆಸರು, ಕೊರಲೆ. ಹುರುಳಿ ಇಂದಿಗೂ ನಮ್ಮ ಒಲೆಯ ಮೇಲಿದೆ!

ಕುರುಗೋಡಿನದು ಇನ್ನೊಂದು ಬಗೆಯ ಪಾಠ. ಇದು ಬಲ್ಲಕುಂದೆ ನಾಡನ್ನು ಆಳಿದ ಸಿಂದರ ಊರು. ಅವರ ಚರಿತ್ರೆ ನಿಂತಿರುವುದು ಶಾಸನಗಳ ಮೇಲೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮಸಿ ಒತ್ತಿದರೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಬಳ್ಳಾರಿ 1953ರವರೆಗೆ ಮದರಾಸು ಆಡಳಿತದಲ್ಲಿದ್ದುದರಿಂದ, ಬಿ.ಎಲ್. ರೈಸ್ ಸಂಪಾದಿಸಿದ ಮೈಸೂರು ಸಂಸ್ಥಾನದ ಶಾಸನ ಸಂಪುಟಗಳಲ್ಲಿ ಇಲ್ಲಿನ ಕಲ್ಲುಗಳಿಗೆ ಜಾಗ ಸಿಗಲಿಲ್ಲ. ಅವು ದಕ್ಷಿಣ ಭಾರತ ಶಾಸನ ಮಾಲೆಗೆ ಸೇರಿದವು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಶಾಸನ ಮಾಲೆಯ ಮೊದಲ ಸಂಪುಟವನ್ನು ಬಳ್ಳಾರಿ ಜಿಲ್ಲೆಗೇ ಮೀಸಲಿಟ್ಟು ಆ ಕೊರತೆ ತುಂಬಿತು. 2010ರಲ್ಲಿ ಬಳ್ಳಾರಿಗೂ ತನ್ನದೇ ವಿಶ್ವವಿದ್ಯಾಲಯ ಬಂತು.

ಹೀಗೆ ಬರೆದಿಡುವ ಕೆಲಸಕ್ಕೆ ಅವಸರವಿದೆ. ಸಂಗನಕಲ್ಲು-ಕಪ್ಪಗಲ್ಲಿನ ಬಂಡೆಗಳ ಮೇಲೆ ಗೂಳಿಗಳ ಕೆತ್ತನೆಗಳಿವೆ. ತಟ್ಟಿದರೆ ಗಂಟೆಯಂತೆ ದನಿಗೊಡುವ ಕಲ್ಲುಗಳಿವೆ. ಕಲ್ಲುಗಣಿಗಾರಿಕೆ ಇದೇ ಗುಡ್ಡಗಳನ್ನು ತಿನ್ನತೊಡಗಿತು. ಬೂದಿದಿಬ್ಬಗಳ ಬೂದಿ ಗೊಬ್ಬರವಾಗಿ ಹೊಲ ಸೇರಿದ್ದೂ ಉಂಟು. ಗ್ರಂಥಾಲಯದ ಪುಸ್ತಕ ಕಳೆದರೆ ಇನ್ನೊಂದು ಪ್ರತಿ ತರಬಹುದು. ಗುಡ್ಡ ಸಿಡಿದರೆ ಪ್ರತಿಯಿಲ್ಲ. ಅಳೆದು, ಬರೆದು, ಚಿತ್ರ ತೆಗೆದಿಟ್ಟ ವರದಿಯೊಂದೇ ಉಳಿಯುವುದು.

ಬಳ್ಳಾರಿಯಲ್ಲಿ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ತಲೆಯೆತ್ತಿದ್ದು ಈ ದುಡಿಮೆಯ ಫಲ. ಆದರೆ ವಿದ್ಯಾರ್ಥಿಗಳು ಗುಡ್ಡ ಹತ್ತುವುದು ನಿಂತರೆ ಅಲ್ಲಿನ ಕಪಾಟುಗಳಿಗೆ ಹೊಸದೇನೂ ಸೇರುವುದಿಲ್ಲ. ಊರಿನವರಿಗೂ ಇದರಲ್ಲಿ ಪಾಲಿದೆ: ಹೊಲದಲ್ಲಿ ಬರಹದ ಕಲ್ಲು ಕಂಡರೆ ಅದನ್ನು ಹಾಸುಗಲ್ಲು ಮಾಡದೆ, ಹತ್ತಿರದ ಇತಿಹಾಸ ವಿಭಾಗಕ್ಕೆ ಸುದ್ದಿ ಮುಟ್ಟಿಸುವುದು.